ನೋಡಿದ್ದಕ್ಕೂ ದುಡ್ಡಾ?

ಒಮ್ಮೊಮ್ಮೆ ಮಾತ್ರ ಸ್ಟಾರ್ಟ್ ಆಗದ ಕಾರಿನಷ್ಟು ಒಳ್ಳೆಯ ಗಿರಾಕಿ ಗ್ಯಾರೇಜಿಗೆ ಇನ್ನೊಂದಿಲ್ಲ. ಪೂರ್ತಿ ಕೆಟ್ಟು ನಿಂತ ಕಾರಾದರೆ ರಿಪೇರಿ ಆಯಿತೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಆಗಾಗ ಕೈಕೊಡುವ ಕಾರಿಗೆ ಏನು ಬದಲಿಸಿದರೂ ಮರುಕ್ಷಣ ಸ್ಟಾರ್ಟ್ ಆಗುತ್ತದೆ. ಏಕೆಂದರೆ ಬದಲಿಸದಿದ್ದರೂ ಅದು ಆಗುತ್ತಿತ್ತು. 'ನೋಡ್ರಿ ಸರ, ಹೆಂಗ ಎದ್ದಿತು!' ಎನ್ನುತ್ತಾರೆ. ನಾವು ದುಡ್ಡು ಕೊಟ್ಟು ಬರುತ್ತೇವೆ. ವಾರದ ಮೇಲೆ ಮತ್ತೆ ಅದೇ ಕತೆ.

ನನ್ನದು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ, 12 ವರ್ಷ ಹಳೆಯ ಪುಟ್ಟ ಪೆಟ್ರೋಲ್ ಕಾರು. ಹಾವೇರಿಯಿಂದ ಹಾನಗಲ್ಲು, ಬ್ಯಾಡಗಿ, ಸವಣೂರು ಸುತ್ತುವ ಸ್ಟ್ರಿಂಗರ್‌ಗೆ ಅದೇ ಆಫೀಸು. ಒಂದು ದಿನ ಬ್ಯಾಡಗಿ ಮಾರುಕಟ್ಟೆ ಎದುರು ಕೀ ತಿರುಗಿಸಿದರೆ ಟಕ್‌ಟಕ್‌ಟಕ್ ಎಂದಿತೇ ಹೊರತು ಎಂಜಿನ್ ತಿರುಗಲಿಲ್ಲ. ಮೆಣಸಿನಕಾಯಿ ಚೀಲ ಹೊರುತ್ತಿದ್ದ ಹಮಾಲರು ಬಂದು ತಳ್ಳಿದರು. ಹತ್ತು ಹೆಜ್ಜೆಗೆ ಎದ್ದಿತು.

ಮುಂದಿನ ನಾಲ್ಕು ತಿಂಗಳಲ್ಲಿ ಹೊಸ ಬ್ಯಾಟರಿಗೆ 4,600, ಸ್ಟಾರ್ಟರ್ ಮೋಟಾರ್ ಬಿಚ್ಚಿ ಬ್ರಷ್, ಬುಷ್ ಹಾಕಿಸಿದ್ದಕ್ಕೆ 2,400, ಇಗ್ನಿಷನ್ ಸ್ವಿಚ್ಚಿಗೆ 900 ಕೊಟ್ಟೆ. ಒಟ್ಟು 7,900 ರೂಪಾಯಿ. ನನ್ನ ಒಂದು ತಿಂಗಳ ಸಂಭಾವನೆಗಿಂತ ಹೆಚ್ಚು. ಬಿಲ್ ಒಂದಕ್ಕೂ ಇಲ್ಲ. ನಾಲ್ಕನೇ ಸಲ ಹೋದಾಗ, 'ಕಂಪ್ಯೂಟರ್ ಹೋಗಿರಬೇಕ್ರಿ, ಹದಿನೆಂಟು ಸಾವಿರ ಆಕ್ಕೇತಿ' ಎಂದರು. ಮೂರೂ ಸಲ ಯಾರೊಬ್ಬರೂ ಕೈಯಲ್ಲಿ ಮೀಟರ್ ಹಿಡಿದಿರಲಿಲ್ಲ. ನಾನೂ ಹಿಡಿಯಿರಿ ಎಂದಿರಲಿಲ್ಲ.

ಸಾಲ ಕೇಳಲು ಗೆಳೆಯನ ಹತ್ತಿರ ಹೋದಾಗ ಅವನು ಒಬ್ಬ ವಯಸ್ಸಾದ ಆಟೊ ಎಲೆಕ್ಟ್ರಿಷಿಯನ್ ಬಳಿ ಕಳಿಸಿದ. ಎಲ್ಲರೂ ಚಾಚಾ ಎನ್ನುತ್ತಾರೆ. ಅವರು ಬಾನೆಟ್ ಎತ್ತುವ ಮೊದಲು ಪ್ರಶ್ನೆ ಕೇಳಿದರು. ಮುಂಜಾನೆ ತಣ್ಣಗಿದ್ದಾಗ ಕೈಕೊಡುತ್ತದೋ, ಓಡಿ ಬಿಸಿಯಾದ ಮೇಲೋ? ಕೀ ತಿರುಗಿಸಿದಾಗ ಯಾವ ಸಪ್ಪಳ? ಆಗ ಹೆಡ್‌ಲೈಟ್ ಮಂಕಾಗುತ್ತದೋ ಇಲ್ಲವೋ? ತಳ್ಳಿದರೆ ಏಳುತ್ತದೋ?

ಇವು ಕಾಡುಹರಟೆಯಲ್ಲ. ಎಂಜಿನ್ ಗಿರಗಿರ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಹುಡುಕಬೇಕಾದದ್ದು ಪೆಟ್ರೋಲ್ ಪಂಪು, ಸ್ಪಾರ್ಕು, ಸೆನ್ಸರುಗಳ ಕಡೆ. ತಿರುಗದೇ ಇದ್ದರೆ ಬ್ಯಾಟರಿ, ದಪ್ಪ ಕೇಬಲ್ಲು, ಸ್ಟಾರ್ಟರ್ ಕಡೆ. ಸಪ್ಪಳವೇ ಇಲ್ಲದಿದ್ದರೆ ಸ್ವಿಚ್ಚು, ರಿಲೇ, ಸ್ಟಾರ್ಟರ್‌ಗೆ ಹೋಗುವ ಸಣ್ಣ ವೈರು. ತಳ್ಳಿದರೆ ಏಳುತ್ತದೆ ಎಂದರೆ ಪೆಟ್ರೋಲೂ ಸ್ಪಾರ್ಕೂ ಸರಿ ಇವೆ. ಅದನ್ನು ನಡೆಸುವ ಕಂಪ್ಯೂಟರನ್ನು ದೂರಲು ಕಾರಣವೇ ಇಲ್ಲ. ಟಕ್‌ಟಕ್ ಎನ್ನುವಾಗಲೂ ಹೆಡ್‌ಲೈಟ್ ಮಂಕಾಗದಿದ್ದರೆ ಬ್ಯಾಟರಿಯ ಮೇಲೆ ಅನುಮಾನ ಪಡುವುದೂ ಕಷ್ಟ. ಅಂದರೆ ನನ್ನ 4,600 ಉಳಿಸಲು ಬೇಕಿದ್ದದ್ದು ಒಂದು ಪ್ರಶ್ನೆ.

'ಚಾಲೂ ಇದ್ದಾಗ ತಂದ್ರ ನಾ ಏನ್ ನೋಡ್ಲಿ? ಕೆಟ್ಟಾಗ ಫೋನ್ ಮಾಡ್ರಿ, ನಾನ ಬರ್ತೀನಿ' ಎಂದರು ಚಾಚಾ. ಮೂರನೇ ದಿನ ಮನೆ ಮುಂದೆಯೇ ಕೈಕೊಟ್ಟಿತು. ಬಂದರು. ಏನನ್ನೂ ಅಲ್ಲಾಡಿಸದೆ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದನ್ನು ಎಂಜಿನ್ನಿನ ಲೋಹಕ್ಕೆ ಹಿಡಿದು ನನಗೆ ಕೀ ತಿರುಗಿಸಲು ಹೇಳಿದರು. ಅಲ್ಲಿ ಅರ್ಧ ವೋಲ್ಟಿಗಿಂತ ಕಡಿಮೆ ಇರಬೇಕು. ತೋರಿಸಿದ್ದು 6ರ ಆಸುಪಾಸು. 12 ವೋಲ್ಟಿನ ಬ್ಯಾಟರಿಯ ಅರ್ಧ ಬಲ ದಾರಿಯಲ್ಲೇ ಸೋರಿಹೋಗುತ್ತಿತ್ತು. ಮೈನಸ್‌ನಿಂದ ಗೇರ್‌ಬಾಕ್ಸಿಗೆ ಬರುವ ಅರ್ಥಿಂಗ್ ವೈರಿನ ಬೋಲ್ಟು ಬಿಚ್ಚಿದರೆ ಕೆಳಗೆಲ್ಲ ತುಕ್ಕು, ವೈರಿನ ಎಳೆಗಳು ಹಸಿರುಗಟ್ಟಿದ್ದವು.

ಸ್ಟಾರ್ಟರ್ ತಿರುಗಲು ನೂರು ಆಂಪಿಯರ್‌ನಷ್ಟು ಕರೆಂಟು ಬೇಕು. ಓಮ್‌ನ ಇಪ್ಪತ್ತನೇ ಒಂದು ಭಾಗದಷ್ಟು ಅಡ್ಡಿ ಇದ್ದರೂ ಅದಕ್ಕೆ 5 ವೋಲ್ಟ್ ತಿನ್ನುತ್ತದೆ. ಕಾರು ಸುಮ್ಮನೆ ನಿಂತಾಗ ಬೀಪ್ ಅನ್ನಿಸಿ ನೋಡಿದರೆ ಅದೇ ವೈರು ಪಾಸಾಗುತ್ತದೆ. ಕೀ ತಿರುಗಿಸಿ, ಭಾರ ಬಿದ್ದಾಗಲೇ ಅಳೆಯಬೇಕು. ಬ್ಯಾಟರಿ, ಸ್ಟಾರ್ಟರ್ ಬದಲಿಸಿದ ಮೇಲೆ ಕೆಲವು ದಿನ ಕಾರು ಸರಿ ಇದ್ದದ್ದೇಕೆ ಎಂಬುದೂ ಆಗ ತಿಳಿಯಿತು. ಬಿಚ್ಚಿ ಹಾಕುವಾಗ ಈ ವೈರು ಅಲುಗಾಡಿ ತುಸು ಕೂಡಿಕೊಳ್ಳುತ್ತಿತ್ತು. ತಪ್ಪು ರಿಪೇರಿಗೂ ಸಾಕ್ಷಿ ಸಿಗುತ್ತಿತ್ತು.

ಹೊಸ ವೈರಿಗೆ 180, ಚಾಚಾ ಕೂಲಿ 300. ನಾನು ಏನೆಂದೆ ಗೊತ್ತೆ? 'ಚಾಚಾ, ಬರೇ ನೋಡಿದ್ದಕ್ಕ ಮುನ್ನೂರಾ?' 7,900 ಕೊಡುವಾಗ ಬಾರದ ಮಾತು ಇಲ್ಲಿ ಬಂತು. 'ಬಂದು ಹೋಗೋದಕ್ಕ, ಹುಡುಕೋದಕ್ಕ ಎರಡು ತಾಸು ಹೋದುವಲ್ರೀ' ಎಂದರು ಅವರು. ತಲೆ ತಗ್ಗಿಸಿ ಕೊಟ್ಟೆ.

ಹಾಗಾಗಿ ನನ್ನ ತಕರಾರು ಗ್ಯಾರೇಜಿನವರ ಮೇಲೆ ಮಾತ್ರವಲ್ಲ. ಊಹೆಯ ಮೇಲೆ ಸಾಮಾನು ಬದಲಿಸಿ, ಸಿಗದಿದ್ದರೆ ಇನ್ನೊಂದು ಬದಲಿಸುವುದು ರಿಪೇರಿಯಲ್ಲ, ಗಿರಾಕಿಯ ಜೇಬಿನಲ್ಲಿ ಆಡುವ ಜೂಜು. ಕೆಲವು ನೂರು ರೂಪಾಯಿಗೆ ಮೀಟರ್ ಸಿಗುವ ಕಾಲದಲ್ಲಿ ಇದಕ್ಕೆ ಕ್ಷಮೆ ಇಲ್ಲ. ಆದರೆ ಆ ಜೂಜಿಗೆ ಹಾಸು ಹಾಸಿದವರು ನಾವೇ. ಕಣ್ಣಿಗೆ ಕಾಣುವ ಹೊಸ ಸಾಮಾನಿಗೆ ಸಾವಿರ ಎಣಿಸುತ್ತೇವೆ, ಎರಡು ತಾಸು ತಲೆ ಓಡಿಸಿದವನಿಗೆ ಚಹಾ ಕುಡಿಸಿ ಕಳಿಸುತ್ತೇವೆ. ಹುಡುಕುವ ಕೆಲಸಕ್ಕೆ ಕೂಲಿ ಇಲ್ಲವೆಂದರೆ ಆ ಕೂಲಿ ಸಾಮಾನಿನ ಬೆಲೆಯಲ್ಲಿ ಬಂದೇ ಬರುತ್ತದೆ, ಬೇಡದ ಸಾಮಾನಿನ ಸಮೇತ. 'ಬಡವರಿಗೆ ಅಷ್ಟೆಲ್ಲ ಎಲ್ಲಿ ಸಾಧ್ಯ' ಎನ್ನುವವರು ನನ್ನ ಲೆಕ್ಕ ನೋಡಲಿ: ಊಹೆಗೆ 7,900, ಹುಡುಕಿದ್ದಕ್ಕೆ 300.

ಇದನ್ನು ಓದುವ ನಮ್ಮ ಕಸುಬಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಪತ್ರಿಕೆ ನಮಗೆ ಕೊಡುವುದು ಅಚ್ಚಾದ ಸುದ್ದಿಗೆ. ಮೂರು ಊರು ಸುತ್ತಿ ಒಂದು ಸುದ್ದಿ ಸುಳ್ಳೆಂದು ಖಚಿತ ಮಾಡಿಕೊಂಡರೆ ಪೆಟ್ರೋಲ್ ದುಡ್ಡೂ ಹುಟ್ಟುವುದಿಲ್ಲ. ಆ ಅನ್ಯಾಯದ ಬಗ್ಗೆ ದಿನವೂ ಗೊಣಗುವ ನಾನೇ ಚಾಚಾಗೆ ಅದನ್ನೇ ಮಾಡಲು ಹೊರಟಿದ್ದೆ.

ಇನ್ನು ಮೇಲೆ ಹೀಗೆ ಮಾಡೋಣ. ಕಾರು ಕೈಕೊಟ್ಟಾಗಲೆಲ್ಲ ಹೊತ್ತು, ಬಿಸಿಲೋ ಮಳೆಯೋ, ಸಪ್ಪಳ, ಲೈಟು ಇಷ್ಟನ್ನೂ ಬರೆದಿಡಿ. ಆಗುವುದಾದರೆ ಫೋನಿನಲ್ಲಿ ವಿಡಿಯೊ ಮಾಡಿ. ಯಾವ ಸಾಮಾನು ಬದಲಿಸುವ ಮೊದಲೂ, 'ಅದು ಕೆಟ್ಟಿದೆ ಅಂತ ಅಳೆದು ತೋರಿಸಿ' ಎನ್ನಿ. ತೆಗೆದ ಹಳೆಯದನ್ನು ಕೇಳಿ ಪಡೆಯಿರಿ. ಬಿಲ್ ಬೇಡಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ ಕೊಡದಿರುವುದೂ ಅನುಚಿತ ವ್ಯಾಪಾರ ಪದ್ಧತಿಯೇ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರಿಗೆ ಶುಲ್ಕವೂ ಇಲ್ಲ. ಆದರೆ ಬಿಲ್ಲೇ ಇಲ್ಲದೆ ಹೋಗಿ ಏನು ತೋರಿಸುತ್ತೀರಿ?

ಗ್ಯಾರೇಜಿನ ಅಣ್ಣಂದಿರೇ, ನೀವು ಒಂದು ಬೋರ್ಡು ಹಾಕಿ: 'ದೋಷ ಹುಡುಕುವ ಕೂಲಿ ಇಷ್ಟು.' ಮೊದಲ ತಿಂಗಳು ನಾವು ಗಿರಾಕಿಗಳು ಜಗಳ ಆಡುತ್ತೇವೆ. ಆಡಲಿ ಬಿಡಿ. ಬೋರ್ಡು ಮಾತ್ರ ತೆಗೆಯಬೇಡಿ.