ಲೇಖಕನ ಹಕ್ಕು ದೊರೆಯ ದಯೆಯಲ್ಲ

ಮುದ್ರಣಕಲೆಯನ್ನು ಜಗತ್ತಿಗೆ ಕೊಟ್ಟ ಚೀನಾದಲ್ಲಿ ಪುಸ್ತಕ ಬರೆದವನಿಗೆಂದು ಒಂದು ಕಾಯ್ದೆ ಬಂದದ್ದು 1910ರಲ್ಲಿ. ತಡವಾದದ್ದನ್ನು ಕ್ಷಮಿಸಬಹುದು, ಆ ಹಕ್ಕಿನ ಬೀಗದ ಕೈಯನ್ನು ಸರ್ಕಾರವೇ ಇಟ್ಟುಕೊಂಡದ್ದನ್ನು ಕ್ಷಮಿಸಲಾಗದು.

ಈ ಚಾಳಿ ಹಳೆಯದು. 835ರಲ್ಲಿ ತಾಂಗ್ ದೊರೆ ವೆನ್‌ಝೋಂಗ್, ಖಾಸಗಿಯವರು ಪಂಚಾಂಗ ಅಚ್ಚು ಹಾಕಕೂಡದೆಂದು ಆಜ್ಞೆ ಹೊರಡಿಸಿದ. ಕಾಲಗಣನೆ ಅರಸನ ಅಧಿಕಾರವೆಂಬುದೇ ಅದರ ಹಿಂದಿನ ವಿಚಾರ. ಬರೆದವನ ಶ್ರಮದ ಮಾತೇ ಅಲ್ಲಿರಲಿಲ್ಲ. ಮುಂದೆ ಸೋಂಗ್ ಕಾಲದಲ್ಲಿ ಸಿಚುವಾನಿನ ಮೇಯ್‌ಶಾನ್‌ನ ಚೆಂಗ್ ಮನೆತನ, ತಾನು ಮುದ್ರಿಸಿದ ಇತಿಹಾಸ ಗ್ರಂಥದಲ್ಲಿ, ಮೇಲಧಿಕಾರಿಗಳಿಗೆ ತಿಳಿಸಿದ್ದೇವೆ, ಯಾರೂ ಮರುಮುದ್ರಿಸಬಾರದು ಎಂಬ ಎಚ್ಚರಿಕೆ ಹಾಕಿತು. ಹಕ್ಕುಸ್ವಾಮ್ಯದ ಮೊದಲ ಘೋಷಣೆಯೆಂದು ಇದನ್ನು ಕೊಂಡಾಡುವವರಿದ್ದಾರೆ. ಆದರೆ ಅದು ಅಧಿಕಾರಿಯ ಕೃಪೆಯಿಂದ ಪ್ರಕಾಶಕನಿಗೆ ದಕ್ಕಿದ ಆಸರೆ ಅಷ್ಟೆ.

ಮುಂದೆ ಚಿಂಗ್ ಅರಸೊತ್ತಿಗೆಯ ಕೊನೆಗಾಲದಲ್ಲಿ, ಆಡಮ್ ಸ್ಮಿತ್, ಹಕ್ಸ್‌ಲಿ ಅವರನ್ನು ಚೀನೀ ಓದುಗರಿಗೆ ತಲುಪಿಸಿದ ಯಾನ್ ಫು, ದುಡಿಮೆಗೆ ಪ್ರತಿಫಲವಿಲ್ಲದಿದ್ದರೆ ಒಳ್ಳೆಯ ಪುಸ್ತಕಗಳು ಹುಟ್ಟುವುದೇ ನಿಂತೀತೆಂದು ಶಿಕ್ಷಣ ಮಂತ್ರಿ ಝಾಂಗ್ ಬಾಯ್‌ಶಿ ಅವರಿಗೆ ಬರೆದರು. ಈ ಮಾತಿಗಿಂತ ಹೆಚ್ಚು ತೂಕ ಬಂದದ್ದು ವಿದೇಶಿ ಒತ್ತಡಕ್ಕೆ. 1903ರ ಒಪ್ಪಂದದಲ್ಲಿ ಅಮೆರಿಕ ತನ್ನ ಲೇಖಕರಿಗೆ ರಕ್ಷಣೆ ಕೇಳಿತು. ಪರದೇಶದ ಲೇಖಕರ ಕೃತಿಗಳಿಗೆ 1891ರವರೆಗೂ ರಕ್ಷಣೆ ಕೊಡದಿದ್ದ ದೇಶಕ್ಕೆ ಚೀನಾಕ್ಕೆ ನೀತಿ ಹೇಳುವ ಅರ್ಹತೆ ಇರಲಿಲ್ಲ.

ಕೊನೆಗೂ ಚಿಂಗ್ ಅರಸೊತ್ತಿಗೆ 55 ವಿಧಿಗಳ ಕಾಯ್ದೆ ತಂದಿತು. ಲೇಖಕನ ಜೀವಿತಾವಧಿ, ಅನಂತರ ವಾರಸುದಾರರಿಗೆ 30 ವರ್ಷ: ಕಾಗದದ ಮೇಲೆ ಉದಾರವೇ. ಆದರೆ ನೋಂದಣಿಯಾಗದ ಕೃತಿಗೆ ರಕ್ಷಣೆಯಿಲ್ಲ. ನೋಂದಣಿ ನಾಗರಿಕ ವ್ಯವಹಾರಗಳ ಸಚಿವಾಲಯದ್ದು. ಪೊಲೀಸ್ ಸಚಿವಾಲಯವಾಗಿ ಹುಟ್ಟಿ, 1906ರಲ್ಲಿ ಹೆಸರು ಬದಲಿಸಿಕೊಂಡ ಇಲಾಖೆ ಅದು. ಅರಸೊತ್ತಿಗೆ ಬಿದ್ದರೂ ಈ ಮನೋಭಾವ ಬೀಳಲಿಲ್ಲ. 1915ರಲ್ಲಿ ಗಣರಾಜ್ಯ ಹೊಸ ಕಾಯ್ದೆ ಮಾಡಿತು. ಕುಮಿಂಟಾಂಗ್ ಪಕ್ಷದ ಸರ್ಕಾರ ತಂದ 1928ರ ಕಾಯ್ದೆಯಂತೂ, ಪಕ್ಷದ ತತ್ವಕ್ಕೆ ವಿರುದ್ಧವಾದ ಕೃತಿಯ ನೋಂದಣಿಯನ್ನೇ ತಿರಸ್ಕರಿಸಬೇಕೆಂದಿತು. ಭಿನ್ನಮತದ ಲೇಖಕನಿಗೆ ಹೀಗೆ ಎರಡು ಶಿಕ್ಷೆ: ಒಂದೆಡೆ ಸರ್ಕಾರದ ಅವಕೃಪೆ, ಇನ್ನೊಂದೆಡೆ ಕಳ್ಳಮುದ್ರಕರ ಲೂಟಿ.

ಲೇಖಕನನ್ನು ಕಾಯುವ ಹೆಸರಿನಲ್ಲಿ ಲೇಖನಿಯನ್ನು ಕಾವಲಿಗಿಟ್ಟ ಈ ಕಾಯ್ದೆಗಳು ಸೋತವು, ಸೋಲಬೇಕಾದ್ದೇ. ಬರೆದವನ ಹಕ್ಕು ಬರೆದ ಕ್ಷಣದಿಂದಲೇ ಅವನದು. ಅದಕ್ಕೆ ಆಳುವವರ ಒಪ್ಪಿಗೆ ಬೇಕೆನ್ನುವ ಕಾನೂನು ಯಾವ ದೇಶದಲ್ಲಿದ್ದರೂ, ಅದು ಹಕ್ಕುಸ್ವಾಮ್ಯದ ಕಾನೂನಲ್ಲ.