ಗಿರಣಿಯ ಕೆಮ್ಮಿಗೆ ಬೀಡಿಯ ಹೆಸರು

“ಗಿರಣಿಯಲ್ಲಿ ದುಡಿದವನಿಗೆ ಕೆಮ್ಮು ಇದ್ದದ್ದೇ.”

ಲಾಲ್‌ಬಾಗ್, ಪರೇಲ್‌ಗಳ ಚಾಳುಗಳಲ್ಲಿ ಆಯುಷ್ಯ ಸವೆಸಿದವರ ಮನೆಗಳಲ್ಲಿ ಈ ಮಾತು ಎಷ್ಟು ಸಲ ಕೇಳಿಬಂದಿಲ್ಲ! ಹೇಳುವವರ ಮನಸ್ಸಿನಲ್ಲಿ ಕೆಡುಕಿಲ್ಲ, ಸಮಾಧಾನಕ್ಕೆಂದೇ ಹೇಳುತ್ತಾರೆ. ಆದರೆ ಈ ಸಮಾಧಾನದ ಮಾತೇ ಎಷ್ಟೋ ಕುಟುಂಬಗಳಿಗೆ ನ್ಯಾಯವಾಗಿ ಸಲ್ಲಬೇಕಾದ ಪರಿಹಾರದ ಬಾಗಿಲನ್ನು ಮುಚ್ಚುತ್ತ ಬಂದಿದೆ ಎಂಬುದು ನನ್ನ ಆರೋಪ. ಕೆಮ್ಮು ಹಣೆಬರಹವಲ್ಲ. ಅದಕ್ಕೆ ಕಾರಣವಿದೆ, ಕಾರಣಕ್ಕೆ ಹೊಣೆಗಾರರಿದ್ದಾರೆ, ಹೊಣೆಗಾರರನ್ನು ಕೇಳಲು ಕಾನೂನೂ ಇದೆ. ಇಲ್ಲದಿರುವುದು ಒಂದೇ ಒಂದು – ಕಾಗದ.

ಹತ್ತಿಯ ಧೂಳಿನಿಂದ ಎದೆ ಕೆಡುತ್ತದೆಂಬುದು ಗಿರಣಿಯವರಿಗೆಲ್ಲ ಗೊತ್ತು. ಕಲ್ನಾರಿನ, ಎಂದರೆ ಆಸ್ಬೆಸ್ಟಾಸಿನ, ವಿಚಾರ ಬಲ್ಲವರು ಕಡಿಮೆ. ಬಟ್ಟೆಯ ಗಿರಣಿಗೆ ಕಲ್ನಾರು ಎಲ್ಲಿಂದ ಬಂತು ಎಂದು ಓದುಗರು ಕೇಳಬಹುದು. ಬಾಯ್ಲರಿನಿಂದ ಸೈಜಿಂಗ್ ಖಾತೆಗೆ, ಬಣ್ಣದ ಖಾತೆಗೆ ಉಗಿ ಹೋಗುವ ಕೊಳವೆಗಳಿಗೆ ಶಾಖ ಸೋರದಂತೆ ಬಹುಕಾಲ ಸುತ್ತುತ್ತಿದ್ದುದು ಕಲ್ನಾರಿನ ಹಗ್ಗವನ್ನು, ಮೆತ್ತುತ್ತಿದ್ದುದು ಕಲ್ನಾರಿನ ಗಾರೆಯನ್ನು. ದುರಸ್ತಿಯ ದಿನ ಫಿಟ್ಟರನು ಹಳೆಯ ಹೊದಿಕೆಯನ್ನು ಕೆತ್ತಿ ತೆಗೆದಾಗ ಏಳುವ ಬಿಳಿ ಧೂಳು ಅವನೊಬ್ಬನ ಮೂಗನ್ನು ಹುಡುಕಿಕೊಂಡು ಹೋಗುವುದಿಲ್ಲ. ಪಕ್ಕದಲ್ಲಿ ನಿಂತ ಹೆಲ್ಪರನೂ ಗುಡಿಸುವವನೂ ಅದನ್ನೇ ಉಸಿರಾಡುತ್ತಾರೆ. ಇದಲ್ಲದೆ ಕಲ್ನಾರನ್ನೇ ನೂತು ನೇಯುವ, ಬ್ರೇಕಿನ ಲೈನಿಂಗು ಮಾಡುವ ಗಿರಣಿಗಳೂ ಈ ಮಹಾನಗರದಲ್ಲಿ ನಡೆದಿವೆ. ಅಲ್ಲಿ ಧೂಳೇ ಕಚ್ಚಾ ಮಾಲು.

ಕಣ್ಣಿಗೆ ಕಾಣದಷ್ಟು ಸಣ್ಣ ಈ ನಾರು ಪುಪ್ಪುಸದೊಳಗೆ ಹೊಕ್ಕರೆ ಹೊರಬೀಳುವುದು ಕಷ್ಟ. ಅಲ್ಲಿ ಗಾಯದ ಕಲೆಗಟ್ಟಿ, ಪುಪ್ಪುಸ ಗಡುಸಾಗಿ, ಎರಡು ಮೆಟ್ಟಿಲು ಹತ್ತಿದರೆ ಏದುಸಿರು ಬರುವ ಸ್ಥಿತಿಗೆ ಆಸ್ಬೆಸ್ಟೋಸಿಸ್ ಎಂದು ಹೆಸರು. ಪುಪ್ಪುಸದ ಕ್ಯಾನ್ಸರ್ ಇನ್ನೊಂದು. ಪುಪ್ಪುಸದ ಹೊರಪೊರೆಗೆ ಬರುವ ಮೀಸೋಥೀಲಿಯೋಮ ಎಂಬ ಕ್ಯಾನ್ಸರ್ ಮೂರನೆಯದು. ಇವು ನಿನ್ನೆಯ ಧೂಳಿಗೆ ಇಂದು ಬರುವ ರೋಗಗಳಲ್ಲ. ಮೀಸೋಥೀಲಿಯೋಮ ತಲೆ ಎತ್ತಲು ಸಾಮಾನ್ಯವಾಗಿ ಮೂವತ್ತು ನಲವತ್ತು ವರ್ಷ ಬೇಕು. ಗಂಡನ ಗಿರಣಿ ಬಟ್ಟೆಯನ್ನು ದಿನವೂ ಕೊಡವಿ ಒಗೆದ ಹೆಂಡತಿಯನ್ನೂ ಅದು ಬಿಡುವುದಿಲ್ಲ.

ಇಲ್ಲಿ ಬೀಡಿಯ ಮಾತು ಬರುತ್ತದೆ. “ಸೇದಿ ಸೇದಿ ಕೆಡಿಸಿಕೊಂಡ” ಎಂದು ವೈದ್ಯರೂ ಹೇಳುತ್ತಾರೆ, ಮನೆಯವರೂ ನಂಬುತ್ತಾರೆ. ಕಲ್ನಾರಿನ ಧೂಳು ಕುಡಿದವನು ಬೀಡಿಯನ್ನೂ ಸೇದಿದರೆ ಪುಪ್ಪುಸದ ಕ್ಯಾನ್ಸರಿನ ಅಪಾಯ ಹಲವು ಪಟ್ಟು ಏರುತ್ತದೆ, ನಿಜ. ಆದರೆ ಅದರಿಂದ ಕಲ್ನಾರಿನ ಪಾಪ ತೊಳೆದುಹೋಗುವುದಿಲ್ಲ. ಮೀಸೋಥೀಲಿಯೋಮಕ್ಕಂತೂ ಬೀಡಿಯ ಸಂಬಂಧವೇ ಇಲ್ಲ. ಬೀಡಿಯಲ್ಲದಿದ್ದರೆ ಕ್ಷಯದ ಮಾತು. ಕಫದಲ್ಲಿ ರೋಗಾಣು ಕಾಣದಿದ್ದರೂ ತಿಂಗಳುಗಟ್ಟಲೆ ಕ್ಷಯದ ಗುಳಿಗೆ ನುಂಗಿ ಗುಣವಾಗದವರು ಎಷ್ಟಿಲ್ಲ?

ಆಗ ಯಾರಿಗೂ ತಿಳಿದಿರಲಿಲ್ಲ ಎಂದು ಮಾಲೀಕರ ಪರ ವಾದಿಸುವವರಿದ್ದಾರೆ. ಅವರಿಗೆ ಇತಿಹಾಸ ಗೊತ್ತಿಲ್ಲ, ಇಲ್ಲವೆ ಗೊತ್ತಿದ್ದೂ ಮರೆಮಾಚುತ್ತಿದ್ದಾರೆ. ಇಂಗ್ಲೆಂಡಿನ ರಾಚ್‌ಡೇಲ್ ಊರಿನ ಕಲ್ನಾರು ಗಿರಣಿಯಲ್ಲಿ ನೂಲುತ್ತಿದ್ದ ನೆಲ್ಲಿ ಕೆರ್ಷಾ ಎಂಬ ಹೆಣ್ಣುಮಗಳು 1924ರಲ್ಲಿ, ಮೂವತ್ತಮೂರರ ಪ್ರಾಯದಲ್ಲಿ ತೀರಿಕೊಂಡಳು. ಅವಳ ಪುಪ್ಪುಸದಲ್ಲಿ ಕಲ್ನಾರಿನ ಕಣಗಳು ಕಂಡುದನ್ನು ವೈದ್ಯರು ಅದೇ ವರ್ಷ ಪ್ರಕಟಿಸಿದರು. ಕಂಪೆನಿ ಅವಳಿಗೆ ಪರಿಹಾರ ಕೊಡಲಿಲ್ಲ. 1931ರಲ್ಲಿ ಬ್ರಿಟಿಷ್ ಸರ್ಕಾರ ಕಲ್ನಾರು ಧೂಳಿನ ಮೇಲೆ ನಿಯಮ ಮಾಡಿತು. 1999ರಲ್ಲಿ ಕಲ್ನಾರಿನ ಬಳಕೆಯನ್ನೇ ನಿಷೇಧಿಸಿತು. ನಮ್ಮಲ್ಲಿ? ಬಿಳಿ ಕಲ್ನಾರು ಇಂದಿಗೂ ಹೊರದೇಶಗಳಿಂದ ಹಡಗಿನಲ್ಲಿ ಬರುತ್ತಿದೆ. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಮೇಲೂ “ಬಿಳಿಯದು ಸುರಕ್ಷಿತ” ಎಂಬ ಪ್ರಚಾರ ನಿಂತಿಲ್ಲ.

ಮುಂಬಯಿಯ ಲೆಕ್ಕವನ್ನೇ ನೋಡೋಣ. ಇಲ್ಲಿಯ ಒಂದು ಕಲ್ನಾರು ಗಿರಣಿಯ ಕಾರ್ಮಿಕರನ್ನು ಡಾ. ಮುರಳೀಧರ್ ಮತ್ತು ವಿಜಯ್ ಕಾನ್ಹೇರೆಯವರು ಪರೀಕ್ಷಿಸಿ 2005ರಲ್ಲಿ ವರದಿ ಪ್ರಕಟಿಸಿದರು. ಪರೀಕ್ಷೆಗೆ ಬಂದ 181 ಮಂದಿಯಲ್ಲಿ ಐವರಿಗೊಬ್ಬರಿಗಿಂತ ಹೆಚ್ಚು ಜನರಿಗೆ ಆಸ್ಬೆಸ್ಟೋಸಿಸ್ ಇತ್ತು. ದೇಶದಲ್ಲಿ ಕಲ್ನಾರಿಗೆ ಒಡ್ಡಿಕೊಂಡ ಕಾರ್ಮಿಕರು ಅಂದಾಜು ಒಂದು ಲಕ್ಷವಾದರೆ ಪರಿಹಾರ ಪಡೆದವರು ಮೂವತ್ತಕ್ಕೂ ಕಡಿಮೆ ಎಂದು ಅವರು ಬರೆದರು. ಔದ್ಯೋಗಿಕ ರೋಗಗಳನ್ನು ಗುರುತಿಸುವ ತರಬೇತಿ ವೈದ್ಯರಿಗಿಲ್ಲ. ಆಸ್ಬೆಸ್ಟೋಸಿಸನ್ನು ಕ್ಷಯವೆಂದೋ ಬ್ರಾಂಕೈಟಿಸ್ ಎಂದೋ ಬೇಕೆಂದೇ ಬರೆಯುವವರೂ ಇದ್ದಾರೆ ಎಂದು ಕಾರಣವನ್ನೂ ಕೊಟ್ಟರು.

ಕಾನೂನು ಬಡವಾಗಿದೆಯೆ? ಇಲ್ಲ. ಆಸ್ಬೆಸ್ಟೋಸಿಸ್ ಕಂಡ ವೈದ್ಯರು ಅದನ್ನು ಕಾರ್ಖಾನೆ ಇನ್‌ಸ್ಪೆಕ್ಟರರಿಗೆ ತಿಳಿಸಲೇಬೇಕೆಂದು 1948ರ ಕಾರ್ಖಾನೆ ಕಾಯ್ದೆ ಹೇಳಿತ್ತು. 1923ರ ಪರಿಹಾರ ಕಾಯ್ದೆಯೂ ಇಎಸ್‌ಐ ಕಾಯ್ದೆಯೂ ಅದನ್ನು ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ಸೇರಿಸಿದ್ದವು. ಪಟ್ಟಿಯಲ್ಲಿರುವ ರೋಗ ಬಂದರೆ, ಬೇರೆಯೆಂದು ರುಜುವಾತಾಗುವ ತನಕ ಅದು ಕೆಲಸದಿಂದಲೇ ಬಂದದ್ದೆಂದು ಕಾನೂನು ಭಾವಿಸುತ್ತದೆ. 2025ರ ನವೆಂಬರ್ 21ರಿಂದ ಈ ಕಾಯ್ದೆಗಳ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ರೋಗಗಳ ಪಟ್ಟಿ ಅವುಗಳಲ್ಲೂ ಇದೆ. ಇವೆಲ್ಲಕ್ಕೂ ಮೇಲೆ, ಅಹಮದಾಬಾದಿನ ಗ್ರಾಹಕ ಸಂಸ್ಥೆಯೊಂದು ಹೂಡಿದ ಮೊಕದ್ದಮೆಯಲ್ಲಿ 1995ರ ಜನವರಿ 27ರಂದು ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿದೆ. ದುಡಿಯುವಾಗಲೂ ನಿವೃತ್ತಿಯ ನಂತರವೂ ಆರೋಗ್ಯ ಕಾರ್ಮಿಕನ ಮೂಲಭೂತ ಹಕ್ಕು ಎಂದಿತು ಆ ತೀರ್ಪು. ಕಲ್ನಾರು ಉದ್ಯಮದವರು ಪ್ರತಿ ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯ ತನಕ ಇಟ್ಟಿರಬೇಕೆಂದಿತು. ರೋಗ ದೃಢಪಟ್ಟವರಿಗೆ ತಲಾ ಒಂದು ಲಕ್ಷ ರೂಪಾಯಿ ಕೊಡಬೇಕೆಂದಿತು.

ಇಷ್ಟಿದ್ದೂ ಕಾರ್ಮಿಕನ ಕೈ ಏಕೆ ಬರಿದು? ದಾಖಲೆ ಇಡಬೇಕಾದವನು ಯಾರ ಮೇಲೆ ದಾವೆಯೋ ಅವನೇ! ಕಳ್ಳನ ಕೈಗೇ ಬೀಗದ ಕೈ ಕೊಟ್ಟಂತಾಯಿತು. 1982ರ ಜನವರಿ 18ರಂದು ಶುರುವಾದ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಚಿಮಣಿಗಳಿದ್ದಲ್ಲಿ ಗಗನಚುಂಬಿಗಳು ಎದ್ದವು. ಮಸ್ಟರು, ವೈದ್ಯಕೀಯ ಕಡತ, ಯಾರು ಯಾವ ಖಾತೆಯಲ್ಲಿದ್ದರೆಂಬ ಪುಸ್ತಕ ಏನಾದವೆಂದು ಕೇಳಿದವರಿಲ್ಲ. ಇನ್ನು ಅವಧಿಯ ವಿಚಾರ. ಕೆಲಸ ಬಿಟ್ಟವನಿಗೆ ಎರಡು ವರ್ಷದೊಳಗೆ ರೋಗದ ಲಕ್ಷಣ ಕಾಣಿಸಿಕೊಂಡರೆ, ಕಂಡ ದಿನದಿಂದ ಗಡುವು ಎಣಿಸಬಹುದೆಂದು 1923ರ ಕಾಯ್ದೆ ದೊಡ್ಡ ಮನಸ್ಸು ಮಾಡಿತ್ತು. ಮೂವತ್ತು ವರ್ಷ ಕಾದು ಬರುವ ರೋಗಕ್ಕೆ ಎರಡು ವರ್ಷದ ಔದಾರ್ಯ! ತಡವಾದುದಕ್ಕೆ ತಕ್ಕ ಕಾರಣ ತೋರಿಸಿದರೆ ಅರ್ಜಿ ಸ್ವೀಕರಿಸುವ ಅಧಿಕಾರ ಆಯುಕ್ತರಿಗಿತ್ತು ಎಂಬುದೊಂದೇ ಅದರಲ್ಲಿದ್ದ ಕಿಂಡಿ. ಗಡುವನ್ನು ಕೆಲಸ ಬಿಟ್ಟ ದಿನಕ್ಕೆ ಕಟ್ಟಿಹಾಕದೆ, ರೋಗ ಗುರುತಿಸಿದ ದಿನದಿಂದಲೇ ಎಣಿಸಬೇಕು. ದಾಖಲೆ ತೋರಿಸಲಾರದ ಮಾಲೀಕನ ವಿರುದ್ಧವೇ ಆ ಕೊರತೆಯನ್ನು ಎಣಿಸಬೇಕು. ಇದಕ್ಕಿಂತ ಕಡಿಮೆಯಾದುದನ್ನು ನ್ಯಾಯವೆಂದು ಕರೆಯಲಾರೆ.

ಆದರೆ ಸರ್ಕಾರವನ್ನು ಬೈದು ಕೈ ತೊಳೆದುಕೊಳ್ಳುವುದು ಸುಲಭ. ನಮ್ಮ ಪಾಲಿನ ತಪ್ಪೂ ಇದೆ. ಗಿರಣಿ ಬಿಟ್ಟ ನಮ್ಮ ಹಿರಿಯರು ಊರಿಗೆ ಮರಳುತ್ತಾರೆ. ಅಲ್ಲಿಯ ವೈದ್ಯರಿಗೆ ಬಾಯ್ಲರ್ ಖಾತೆಯೆಂದರೇನೆಂದು ತಿಳಿಯದು; ಇವರೂ “ಮುಂಬಯಿಯಲ್ಲಿದ್ದೆ” ಎಂದು ಹೇಳಿ ಸುಮ್ಮನಾಗುತ್ತಾರೆ. ತೀರಿಕೊಂಡ ಮೇಲೆ ಮನೆ ಸುಣ್ಣಬಣ್ಣ ಕಾಣುವಾಗ ಹಳೆಯ ಟ್ರಂಕಿನ ಕಾಗದಗಳು ರದ್ದಿಗೆ ಹೋಗುತ್ತವೆ.

ಆ ಟ್ರಂಕನ್ನು ಇಂದೇ ತೆರೆಯಿರಿ. ಗಿರಣಿಯ ಗುರುತಿನ ಚೀಟಿ, ಪಗಾರದ ಪಾವತಿ, ಭವಿಷ್ಯನಿಧಿಯ ಕಾಗದ, ಇಎಸ್‌ಐ ಕಾರ್ಡು, ಹಳೆಯ ಎಕ್ಸ್‌ರೇ – ಯಾವುದನ್ನೂ ಎಸೆಯಬೇಡಿ. ಯಾವ ಗಿರಣಿ, ಯಾವ ಖಾತೆ, ಯಾವ ವರ್ಷದಿಂದ ಯಾವ ವರ್ಷ ಎಂಬುದನ್ನು ಹಿರಿಯರು ಇರುವಾಗಲೇ ಕೇಳಿ ಬರೆದಿಡಿ. ಜೊತೆಗೆ ದುಡಿದವರ ಹೇಳಿಕೆಯನ್ನೂ ಪಡೆಯಿರಿ. ವೈದ್ಯರ ಚೀಟಿಯಲ್ಲಿ ಉದ್ಯೋಗವನ್ನು ಬರೆಸಿ. ಮುಂಬಯಿಯ 13 ಗಿರಣಿಗಳ ಆಡಳಿತವನ್ನು 1983ರಲ್ಲಿ ಕೇಂದ್ರ ಸರ್ಕಾರವೇ ವಹಿಸಿಕೊಂಡಿತ್ತು. ಅಲ್ಲಿಯವರು ಮಾಹಿತಿ ಹಕ್ಕಿನಡಿ ದಾಖಲೆ ಕೇಳಬಹುದು. ಇಎಸ್‌ಐಗೆ ಒಳಪಟ್ಟಿದ್ದವರ ಅರ್ಜಿ ಇಎಸ್‌ಐ ನಿಗಮಕ್ಕೆ ಹೋಗಬೇಕು, ಉಳಿದವರದು ಪರಿಹಾರ ಪ್ರಾಧಿಕಾರಕ್ಕೆ. ಪ್ರಾಧಿಕಾರದ ಅರ್ಜಿಯನ್ನು ಮುಂಬಯಿಯಲ್ಲೇ ಹಾಕಬೇಕಾಗಿಲ್ಲ, ಅರ್ಜಿದಾರರು ವಾಸವಿರುವ ಊರಿನ ವ್ಯಾಪ್ತಿಯಲ್ಲೂ ಹಾಕಬಹುದು. ತೀರಿಕೊಂಡವರ ಅವಲಂಬಿತರಿಗೂ ಹಕ್ಕಿದೆ. ಹಳೆಯ ದುಡಿಮೆಗೆ ಯಾವ ಕಾಯ್ದೆ ಅನ್ವಯವೆಂಬುದನ್ನು ವಕೀಲರಿಂದ ತಡಮಾಡದೆ ತಿಳಿಯಿರಿ.

ಕೊನೆಯ ಮಾತು ನಮ್ಮ ಸಂಘಗಳಿಗೆ. ರಾಜ್ಯೋತ್ಸವಕ್ಕೆ ಶಾಲು ಹೊದಿಸುತ್ತೇವೆ, ಮಕ್ಕಳಿಗೆ ನೋಟ್‌ಪುಸ್ತಕ ಹಂಚುತ್ತೇವೆ, ಒಳ್ಳೆಯದೇ. ನಮ್ಮಲ್ಲಿ ವೈದ್ಯರಿದ್ದಾರೆ, ವಕೀಲರಿದ್ದಾರೆ. ತಿಂಗಳಿಗೊಂದು ಭಾನುವಾರ ಇಬ್ಬರೂ ಸಂಘದ ಕಚೇರಿಯಲ್ಲಿ ಒಂದು ಮೇಜಿನ ಹಿಂದೆ ಕುಳಿತು, ಕೆಮ್ಮುತ್ತ ಬಂದ ಹಿರಿಯರನ್ನು “ಬೀಡಿ ಸೇದುತ್ತೀರಾ?” ಎಂದು ಕೇಳುವ ಮುನ್ನ “ಯಾವ ಖಾತೆಯಲ್ಲಿದ್ದಿರಿ?” ಎಂದು ಕೇಳಲಿ. ಅವರ ಉತ್ತರವನ್ನು ಬರೆದುಕೊಳ್ಳಲಿ. ಮಾಲೀಕರು ಇಡದೆ ಹೋದ ದಾಖಲೆ ಅಲ್ಲಿಂದಲಾದರೂ ಆರಂಭವಾಗಲಿ.