ಜೆಲ್ ಡಬ್ಬಿಯೊಳಗೂ ಇರುವುದು ಸೋಪೇ ಮಾರಾಯ್ರೆ

ಬನ್ನಂಜೆಯಿಂದ ಮಣಿಪಾಲದ ಕಡೆ ಹೋಗುವಾಗ ಸೆಲೂನುಗಳ ದರಪಟ್ಟಿ ಓದುತ್ತಾ ಹೋಗಿ. ಕೆಲವು ಕಡೆ ಶೇವಿಂಗಿನಲ್ಲೂ ಎರಡು ದರ್ಜೆ ಕಾಣುತ್ತದೆ. ಒಂದು ಬರೀ ಶೇವಿಂಗ್. ಇನ್ನೊಂದು ಜೆಲ್ ಶೇವಿಂಗ್, ಅದಕ್ಕೆ ದುಡ್ಡು ಜಾಸ್ತಿ. ಬಸ್ಸಿನಲ್ಲಿ ಎಸಿ, ನಾನ್ ಎಸಿ ಇದ್ದ ಹಾಗೆ. ಊರಿನ ಹುಡುಗರಿಗೆ ಈಗ ಸೋಪು, ಬ್ರಷ್ ಕಂಡರೆ ನಾಚಿಕೆ. ಅದೆಲ್ಲ ಅಜ್ಜನ ಕಾಲದ್ದಂತೆ. ಇಂಟರ್‌ವ್ಯೂಗೆ ಹೊರಟವನಿಗೆ, ಮದುವೆ ಗೊತ್ತಾದವನಿಗೆ ಜೆಲ್ಲೇ ಆಗಬೇಕಂತೆ. ದುಡ್ಡಿದ್ದವರು ಬೇಕಾದ್ದು ಹಚ್ಚಿಕೊಳ್ಳಲಿ, ನಮಗೇನೂ ಇಲ್ಲ. ಆದರೆ ಸೋಪು ಹಿಂದುಳಿದವರದ್ದು, ಜೆಲ್ ಮುಂದುವರಿದವರದ್ದು ಎಂಬ ಮಾತು ಶುದ್ಧ ಸುಳ್ಳು. ಆ ಸುಳ್ಳಿಗೆ ನಮ್ಮ ಹಳ್ಳಿಗಳಿಂದ ದುಡ್ಡು ಹೋಗುತ್ತಿದೆ ಎಂಬುದೇ ನಮ್ಮ ತಕರಾರು.

ನೊರೆ ಬರುವ ಜೆಲ್ಲಿನ ಡಬ್ಬಿ ಮನೆಯಲ್ಲಿದ್ದರೆ ತಿರುಗಿಸಿ ಹಿಂದೆ ನೋಡಿ. ಅಕ್ಷರ ಸಣ್ಣದು, ಫೋನಿನ ಕ್ಯಾಮೆರಾ ಹಿಡಿದು ದೊಡ್ಡದು ಮಾಡಿ. ಮೊದಲು ನೀರು ಇರುತ್ತದೆ. ಆಮೇಲೆ ಸಾಮಾನ್ಯವಾಗಿ ಪಾಮಿಟಿಕ್ ಆಸಿಡ್, ಸ್ಟಿಯರಿಕ್ ಆಸಿಡ್, ಟ್ರೈಎಥನಾಲಮೈನ್ ಎಂಬ ಹೆಸರುಗಳು. ಮೊದಲಿನೆರಡು ಕೊಬ್ಬಿನಿಂದ, ಎಣ್ಣೆಯಿಂದ ತೆಗೆದ ಆಮ್ಲಗಳು. ಮೂರನೆಯದು ಕ್ಷಾರ. ಕೊಬ್ಬಿನ ಆಮ್ಲಕ್ಕೆ ಕ್ಷಾರ ಸೇರಿದರೆ ಏನಾಗುತ್ತದೆ ಎಂದು ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲೇ ಇದೆ. ಸೋಪಾಗುತ್ತದೆ!

ಬಟ್ಟಲಲ್ಲಿ ಕೂರುವ ದುಂಡನೆಯ ಶೇವಿಂಗ್ ಸೋಪಿನಲ್ಲೂ ಅದೇ ಸ್ಟಿಯರಿಕ್ ಆಸಿಡ್. ಕ್ಷಾರ ಮಾತ್ರ ಬೇರೆ, ಪೊಟ್ಯಾಸಿಯಂ ಮತ್ತು ಸೋಡಿಯಂ ಹೈಡ್ರಾಕ್ಸೈಡ್. ಟ್ಯೂಬಿನ ಕ್ರೀಮಿನಲ್ಲಿ ಪೊಟ್ಯಾಸಿಯಂ ಪಾಲು ಹೆಚ್ಚು, ನೀರೂ ಹೆಚ್ಚು, ಅದಕ್ಕೇ ಮೆತ್ತಗೆ. ಬೇಗ ನೊರೆ ಬರಲಿ ಎಂದು ಹಲವರು ತೆಂಗಿನೆಣ್ಣೆಯ ಅಂಶ ಸೇರಿಸುತ್ತಾರೆ, ಚರ್ಮ ಒಣಗದಿರಲಿ ಎಂದು ಗ್ಲಿಸರಿನ್. ಅಂದರೆ ಮೂರೂ ಒಂದೇ ಮನೆಯ ಮಕ್ಕಳು. ಒಬ್ಬ ಟೈ ಕಟ್ಟಿಕೊಂಡು ಓಡಾಡುತ್ತಾನೆ, ಅಷ್ಟೆ.

ಆ ಟೈ ಯಾವುದೆಂದರೆ ಗ್ಯಾಸು. ಐಸೋಪೆಂಟೇನ್, ಐಸೋಬ್ಯೂಟೇನ್ ಎಂದು ಪಟ್ಟಿಯಲ್ಲಿ ಕಾಣುತ್ತದಲ್ಲ, ಅವು ನಮ್ಮ ಅಡುಗೆ ಸಿಲಿಂಡರಿನ ಅನಿಲದ ಸಂಬಂಧಿಕರು. ಐಸೋಪೆಂಟೇನ್ ಸುಮಾರು 28 ಡಿಗ್ರಿಗೇ ಕುದಿಯುತ್ತದೆ. ಕೆನ್ನೆಯ ಬಿಸಿ ತಾಗಿದ ಕೂಡಲೇ ಅದು ಆವಿಯಾಗಿ ಒಳಗಿನ ಸೋಪನ್ನು ಉಬ್ಬಿಸುತ್ತದೆ. ಜಾಹೀರಾತಿನಲ್ಲಿ ಮಂತ್ರ ಹಾಕಿದ ಹಾಗೆ ನೀಲಿ ಜೆಲ್ ಬಿಳಿ ನೊರೆಯಾಗುವುದು ಹೀಗೆ. ಉಡುಪಿಯ ಏಪ್ರಿಲ್ ಸೆಕೆಗೆ ಅದು ಕೆನ್ನೆಯವರೆಗೂ ಕಾಯಬೇಕಾಗಿಲ್ಲ, ಅಂಗೈಯಲ್ಲೇ ಉಬ್ಬತೊಡಗುತ್ತದೆ. ಬ್ರಷ್ ಹಿಡಿದ ಕೈ ಒಂದು ನಿಮಿಷದಲ್ಲಿ ಮಾಡುವ ಕೆಲಸಕ್ಕೆ ಇಲ್ಲಿ ಗ್ಯಾಸು, ಲೋಹದ ಡಬ್ಬಿ, ವಾಲ್ವು ಎಲ್ಲ ಬೇಕಾಯಿತು.

ಹೊಸತು ಎನ್ನುವುದಾದರೂ ನಿಜವೇ? ಅಮೆರಿಕದಲ್ಲಿ ಡಬ್ಬಿ ಒತ್ತಿದರೆ ಬರುವ ನೊರೆ ಮಾರಾಟಕ್ಕೆ ಬಂದದ್ದು 1949ರಲ್ಲಿ. ‘ಎಡ್ಜ್’ ಎಂಬ ಹೆಸರಿನ ಜೆಲ್ ಬಂದದ್ದು 1970ರಲ್ಲಿ. ನಮ್ಮ ಅಪ್ಪಂದಿರಲ್ಲಿ ಎಷ್ಟೋ ಮಂದಿ ಜೆಲ್ಲಿಗಿಂತ ಚಿಕ್ಕವರು.

ಈಗ ಮುಖ್ಯ ಮಾತು. ಗಡ್ಡವನ್ನು ಮೆತ್ತಗೆ ಮಾಡುವುದು ಸೋಪೂ ಅಲ್ಲ, ಕ್ರೀಮೂ ಅಲ್ಲ, ಜೆಲ್ಲೂ ಅಲ್ಲ. ನೀರು. ಒಣ ಗಡ್ಡದ ಕೂದಲು ಗಟ್ಟಿ. ನೀರು ಕುಡಿದರೆ ಉಬ್ಬಿ ಮೆದುವಾಗುತ್ತದೆ, ಬ್ಲೇಡಿಗೆ ಸಲೀಸು. ಅದಕ್ಕೆ ಎರಡು ಮೂರು ನಿಮಿಷ ಬೇಕು, ನೀರು ಬೆಚ್ಚಗಿದ್ದರೆ ಇನ್ನೂ ಒಳ್ಳೆಯದು. ಸೋಪಿನ ಕೆಲಸ ಕೂದಲ ಮೇಲಿನ ಎಣ್ಣೆ ಜಿಡ್ಡು ತೆಗೆದು ನೀರಿಗೆ ದಾರಿ ಬಿಡುವುದು, ಆ ನೀರು ಆರದಂತೆ ಹಿಡಿದಿಡುವುದು, ಬ್ಲೇಡ್ ಜಾರುವಂತೆ ಮಾಡುವುದು. ಬ್ರಷ್ ಆಡಿಸುವ ಹೊತ್ತಿನಲ್ಲಿ ಈ ಎರಡು ಮೂರು ನಿಮಿಷ ತಾನಾಗಿ ಕಳೆಯುತ್ತದೆ, ಮಲಗಿದ ಕೂದಲೂ ಎದ್ದು ನಿಲ್ಲುತ್ತದೆ. ಜೆಲ್ ಒತ್ತಿ, ಸವರಿ, ಅರ್ಧ ನಿಮಿಷಕ್ಕೆ ರೇಜರ್ ಎಳೆದವನು ಆ ಸಮಯವನ್ನೇ ಕದ್ದ. ಆಮೇಲೆ ಉರಿ, ಗುಳ್ಳೆ ಎಂದು ಅದನ್ನು ಶಮನ ಮಾಡಲು ಇನ್ನೊಂದು ಬಾಟಲಿ ತರುತ್ತಾನೆ. ಬೆಳಿಗ್ಗೆ ಸ್ನಾನ ಮಾಡಿದ ಮೇಲೆ ಗಡ್ಡ ತೆಗೆದು ನೋಡಿ, ಯಾವ ಸೋಪಾದರೂ ನಡೆಯುತ್ತದೆ.

ನೀರಿನ ವಿಷಯದಲ್ಲಂತೂ ನಾವು ಕರಾವಳಿಯವರು ಪುಣ್ಯವಂತರು. ಮುರಕಲ್ಲಿನ ನೆಲದ ನಮ್ಮ ಬಾವಿಯ ನೀರು ಮೃದು, ಒಂದು ಚಿಟಿಕೆ ಸೋಪಿಗೆ ಬಟ್ಟಲು ತುಂಬ ನೊರೆ. ಕೋಲಾರ, ವಿಜಯಪುರದ ಕಡೆಯ ಗಡಸು ಬೋರ್‌ವೆಲ್ ನೀರಿನಲ್ಲಿ ಸೋಪು ಮೊಸರೊಡೆದ ಹಾಗೆ ಗಸಿ ಕಟ್ಟುವುದುಂಟು. ಅಲ್ಲಿಯವರು ಸೋಪಿನ ಮೇಲೆ ಸಿಟ್ಟಾದರೆ ಅರ್ಥವಿದೆ. ಕಾಪು ಕಡೆ ಸಮುದ್ರದ ಹತ್ತಿರದವರ ಬಾವಿ ಬೇಸಿಗೆಯಲ್ಲಿ ಉಪ್ಪಾದರೆ ಅವರೂ ಹೇಳಬಹುದು. ಕಾರ್ಕಳದವನಿಗೆ ಏನು ನೆವ?

ದುಡ್ಡಿನ ಲೆಕ್ಕಕ್ಕೆ ನಮ್ಮ ಮಾತು ನಂಬಬೇಡಿ, ಅಂಗಡಿಗೆ ಹೋಗಿ. ಪೊಟ್ಟಣದ ಮೇಲೆ ಒಟ್ಟು ಬೆಲೆಯ ಜೊತೆ ಒಂದು ಗ್ರಾಂಗೆ ಅಥವಾ ಒಂದು ಮಿಲಿಲೀಟರಿಗೆ ಎಷ್ಟು ಎಂದೂ ಮುದ್ರಿಸಬೇಕು ಎಂಬ ನಿಯಮ ಈಗ ಇದೆ. ಆ ಸಣ್ಣ ಸಂಖ್ಯೆಯನ್ನು ಮಾತ್ರ ಹೋಲಿಸಿ. ಒಂದು ಸಲಕ್ಕೆ ಎಷ್ಟು ಖರ್ಚಾಗುತ್ತದೆ ಎಂಬುದನ್ನೂ ಸೇರಿಸಿ. ಕ್ರೀಮು ಕಡಲೆಕಾಳಿನಷ್ಟು ಸಾಕು, ಜೆಲ್ ಅಂಗೈ ಗುಂಡಿ ತುಂಬ ಬೇಕೆಂದು ಟಿವಿ ನಮಗೆ ಕಲಿಸಿದೆ. ಇನ್ನೊಂದು ವಿಷಯ, 2025ರ ಸೆಪ್ಟೆಂಬರ್ 22ರಿಂದ ಶೇವಿಂಗ್ ಕ್ರೀಮಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿದಿದೆ. ಬೆಲೆಯೂ ಇಳಿದಿದೆಯೇ ಎಂದು ಬಿಲ್ಲು ಕೇಳುವ ಅಭ್ಯಾಸ ಇರಲಿ.

ಜೆಲ್ ಪರವಾಗಿ ಹೇಳುವುದಕ್ಕೆ ಏನೂ ಇಲ್ಲವೆಂದಲ್ಲ. ನೊರೆಯೇ ಬಾರದ, ಗಾಜಿನಂತೆ ಕಾಣುವ ಜೆಲ್ ಒಂದಿದೆ. ಗಡ್ಡ ಬಿಟ್ಟು ಅಂಚು ಮಾತ್ರ ತೀಡುವವರಿಗೆ ಅದು ಅನುಕೂಲ, ಗೆರೆ ಕಾಣುತ್ತದೆ. ಹಾಸ್ಟೆಲಿನಲ್ಲಿ ನಲ್ಲಿ ಮುಂದೆ ಕ್ಯೂ ನಿಂತವನಿಗೂ ಡಬ್ಬಿ ಸುಲಭ.

ಜೆಲ್ ಕಡೆಯವರ ದೊಡ್ಡ ಬಾಣ ಸ್ವಚ್ಛತೆಯದ್ದು. ಸೆಲೂನಿನ ಒಂದೇ ಬ್ರಷ್ ಹತ್ತು ಕೆನ್ನೆ ಮೇಲೆ ಓಡಾಡುತ್ತದೆ, ಅದಕ್ಕೇ ಜೆಲ್ ಎನ್ನುತ್ತಾರೆ. ಮಾತಿನಲ್ಲಿ ಸತ್ಯವಿದೆ. ತೊಳೆಯದ ಬ್ರಷ್‌ನಿಂದ ಗಡ್ಡದ ಜಾಗದಲ್ಲಿ ಹುಣ್ಣು, ಹುಳುಕಡ್ಡಿ ಹರಡಬಹುದು. ಮೊದಲ ಮಹಾಯುದ್ಧದ ಕಾಲದಲ್ಲಿ ಸರಿಯಾಗಿ ಶುದ್ಧ ಮಾಡದ ಕುದುರೆ ಕೂದಲಿನ ಬ್ರಷ್‌ಗಳಿಂದ ಬ್ರಿಟನ್, ಅಮೆರಿಕದಲ್ಲಿ ಆಂಥ್ರಾಕ್ಸ್ ತಗುಲಿ ಸತ್ತವರೂ ಇದ್ದಾರೆ. ಆದರೆ ಬ್ರಷ್ ಕೊಳೆಯಾದರೆ ಬ್ರಷ್ ತೊಳೆಯಬೇಕು. ಪ್ರತಿ ಗಿರಾಕಿಗೂ ಬಿಸಿನೀರಿನಲ್ಲಿ ತೊಳೆದು ಒಣಗಿಸಿದ್ದು ಕೊಡಲಿ, ಇಲ್ಲವೇ ನಮ್ಮ ಬ್ರಷ್ ನಾವೇ ಒಯ್ಯೋಣ. ಟ್ಯೂಬಿನ ಕ್ರೀಮನ್ನು ತೊಳೆದ ಬೆರಳಿನಲ್ಲೂ ಹಚ್ಚಬಹುದು. ಅಷ್ಟಕ್ಕೂ ದೊಡ್ಡ ಅಪಾಯ ಇರುವುದು ಬ್ಲೇಡಿನಲ್ಲಿ. ಹೆಪಟೈಟಿಸ್ ಬಿ, ಸಿ ರಕ್ತದಿಂದ ಹರಡುವ ಕಾಯಿಲೆಗಳು. ಕೆನ್ನೆಗೆ ಯಾವ ದೇಶದ ಜೆಲ್ ಹಚ್ಚಿದರೂ ಬೇರೆಯವರಿಗೆ ಬಳಸಿದ ಬ್ಲೇಡು ತಾಗಿದರೆ ಮುಗಿಯಿತು. ಕುರ್ಚಿಯಲ್ಲಿ ಕೂತಾಗ ಡಬ್ಬಿಯ ಬ್ರ್ಯಾಂಡ್ ನೋಡುವ ಕಣ್ಣು ಹೊಸ ಬ್ಲೇಡಿನ ಕಾಗದ ಬಿಚ್ಚಿದರೇ ಎಂದು ನೋಡಲಿ. ಪಟಿಕದ ಕಲ್ಲನ್ನೂ ನೋಡಿ. ಒಬ್ಬನ ಗಾಯಕ್ಕೆ ಉಜ್ಜಿದ ಕಲ್ಲನ್ನೇ ಇನ್ನೊಬ್ಬನಿಗೆ ಉಜ್ಜುವುದು ಬೇಡ.

ಸಣ್ಣ ಸೆಲೂನಿನವರ ಪಾಡೂ ಕೇಳಿ. ಗಿರಾಕಿ ಕೇಳುತ್ತಾನೆಂದು ದುಬಾರಿ ಡಬ್ಬಿ ತಂದಿಡಬೇಕು. ಹೆಚ್ಚುವರಿ ದರದಲ್ಲಿ ಡಬ್ಬಿಯ ಕಂಪನಿಗೆ ಒಂದು ಪಾಲು ಹೋಯಿತು. ನಮ್ಮೂರಿನ ಭಂಡಾರಿಗಳ ಕೈಚಳಕಕ್ಕೆ, ಎರಡು ಸಲ ನೊರೆ ಕಟ್ಟಿ, ಕೂದಲ ದಿಕ್ಕು ನೋಡಿ ಕತ್ತಿ ಎಳೆಯುವ ಆ ತಾಳ್ಮೆಗೆ ಇಪ್ಪತ್ತು ರೂಪಾಯಿ ಹೆಚ್ಚು ಕೇಳಿದರೆ ನಾವು ಚೌಕಾಸಿ ಮಾಡುತ್ತೇವೆ. ಅದೇ ದುಡ್ಡನ್ನು ಡಬ್ಬಿಯ ಹೆಸರಿನಲ್ಲಿ ಕೇಳಿದರೆ ಮಾತಾಡದೆ ಕೊಡುತ್ತೇವೆ. ದರ ಹೆಚ್ಚಾಗಲಿ, ಅದು ಕೆಲಸದ ಲೆಕ್ಕದಲ್ಲಿ ಹೆಚ್ಚಾಗಲಿ ಎಂದೇ ನಮ್ಮ ವಾದ.

ಖಾಲಿ ಡಬ್ಬಿಯ ಕತೆಯನ್ನು ಯಾರೂ ಹೇಳುವುದಿಲ್ಲ. ಸೋಪು ಕರಗಿ ಹೋಗುತ್ತದೆ, ರಟ್ಟಿನ ಪೆಟ್ಟಿಗೆ ಉಳಿಯುತ್ತದೆ. ಟ್ಯೂಬು ಪ್ಲಾಸ್ಟಿಕ್, ಅದೂ ಒಳ್ಳೆಯದೇನಲ್ಲ. ಡಬ್ಬಿ ಮಾತ್ರ ಅಪಾಯಕಾರಿ. ಖಾಲಿ ಅಂದುಕೊಂಡರೂ ಒಳಗೆ ಗ್ಯಾಸು ಉಳಿದಿರುತ್ತದೆ. 50 ಡಿಗ್ರಿಗಿಂತ ಹೆಚ್ಚು ಬಿಸಿಗೆ ಒಡ್ಡಬೇಡಿ, ಬಳಸಿ ಮುಗಿದ ಮೇಲೂ ತೂತು ಮಾಡಬೇಡಿ, ಸುಡಬೇಡಿ ಎಂಬ ಎಚ್ಚರಿಕೆ ಸಾಸಿವೆ ಕಾಳಿನಷ್ಟು ಅಕ್ಷರದ ಇಂಗ್ಲಿಷಿನಲ್ಲಿ ಇರುತ್ತದೆ. ನಮ್ಮ ಮನೆಗಳಲ್ಲಿ ಕಸ ಹೋಗುವುದು ಎಲ್ಲಿಗೆ? ಬಚ್ಚಲ ಹಂಡೆಯ ಒಲೆಗೆ. ತೆಂಗಿನ ಗರಿ, ಸಿಪ್ಪೆ, ಜೊತೆಗೆ ಹಾಲಿನ ಪ್ಯಾಕೆಟ್, ಕೈಗೆ ಸಿಕ್ಕಿದ್ದೆಲ್ಲ. ಬೆಳಿಗ್ಗೆ ಎದ್ದು ಆ ಒಲೆಯ ಮುಂದೆ ಬಗ್ಗಿ ಊದುವವರು ಗಡ್ಡ ತೆಗೆಯುವವರಲ್ಲ, ಮನೆಯ ಹೆಂಗಸರು. ಒಲೆಯಲ್ಲಿ ಈ ಡಬ್ಬಿ ಬಿದ್ದರೆ ಸಿಡಿಯುತ್ತದೆ. ಕಾರ್ಕಳದ ನಿಟ್ಟೆಯಲ್ಲಿ ಹಲವು ಪಂಚಾಯಿತಿಗಳ ಒಣಕಸ ವಿಂಗಡಿಸುವ ಘಟಕವಿದೆ. ಅಲ್ಲಿಗೂ ನಮ್ಮ ಕಸವನ್ನು ಬಿಡಿಸಿ ನೋಡುವುದು ಮನುಷ್ಯರ ಕೈಗಳೇ. ಮನೆಯಲ್ಲಿ ಈಗಾಗಲೇ ಡಬ್ಬಿ ಇದ್ದರೆ ಮುಗಿದ ಮೇಲೆ ಒಲೆಯ ಹತ್ತಿರವೂ ಇಡಬೇಡಿ, ಬೇರೆ ಚೀಲದಲ್ಲಿ ಹಾಕಿ, ಪಂಚಾಯಿತಿಯ ಗಾಡಿ ಬಂದಾಗ ಒಳಗೇನಿದೆ ಎಂದು ಬಾಯಿಬಿಟ್ಟು ಹೇಳಿ ಕೊಡಿ.